ಕಂಬಿ ಮುಟ್ಟದ ಚಲಪತಿ

ಚಲಪತಿಯ ಗ್ರಹಚಾರ ಕೆಟ್ಟದ್ದು ಒಂದು ಹೊಗಳಿಕೆಯಿಂದ.

ಚಲಪತಿ ಯಾರು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕಾಮಸಮುದ್ರದಲ್ಲಿ ಹೊರಟು, ಬಂಗಾರಪೇಟೆ ಮುಟ್ಟಿ, ರಾಬರ್ಟ್‌ಸನ್‌ಪೇಟೆಗೆ ಹೋಗುವ ಹಳದಿ ಪ್ರೈವೇಟ್ ಬಸ್ಸಿಗೆ ಅವನು ಕಂಡಕ್ಟರ್. ಬಸ್ಸು ಎಷ್ಟೇ ತುಂಬಿರಲಿ, ರಸ್ತೆ ಎಷ್ಟೇ ಕೆಟ್ಟಿರಲಿ, ಅವನು ಕಂಬಿ ಹಿಡಿದದ್ದನ್ನು ಕಂಡವರಿಲ್ಲ. ಎಡಗೈಯಲ್ಲಿ ಟಿಕೆಟ್ ಕಟ್ಟು, ಬಲಗೈಯಲ್ಲಿ ಪೆನ್ನು, ಕಂಕುಳಲ್ಲಿ ಚರ್ಮದ ಬ್ಯಾಗು. ಬಸ್ಸು ಗುಂಡಿಗೆ ಇಳಿದು ಎದ್ದರೆ ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತೇವೆ, ಚಲಪತಿ ಮಾತ್ರ ಗರುಡಗಂಬದ ಹಾಗೆ ನಿಂತು ಚಿಲ್ಲರೆ ಕೇಳುತ್ತಾನೆ. ಬೇರೆ ಬಸ್ಸಿನವರಿಗೆ ತಮ್ಮ ಸೀಟು ಮೆತ್ತಗಿದೆ ಅನ್ನುವ ಜಂಬವಾದರೆ, ನಮಗೆ ನಮ್ಮ ಕಂಡಕ್ಟರ್ ಕಂಬಿ ಮುಟ್ಟುವುದಿಲ್ಲ ಅನ್ನುವ ಜಂಬ. ನೆಂಟರು ಬಂದರೆ ಅವನನ್ನು ತೋರಿಸುವುದಕ್ಕೆಂದೇ ಆ ಬಸ್ಸಿಗೆ ಹತ್ತಿಸುತ್ತೇವೆ.

ಆ ದಾರಿಯಲ್ಲಿ ಹುಣಸೇಮರದ ಗೇಟ್ ಅಂತ ಒಂದು ಸ್ಟಾಪು. ಹುಣಸೇಮರ ಹೋಗಿ ಯಾವ ಕಾಲವಾಯಿತೋ. ನಮ್ಮ ಕಡೆ ಒಂದು ಸ್ಟಾಪಿಗೆ ಹೆಸರು ಬಿದ್ದರೆ ಬಿತ್ತು, ಆಮೇಲೆ ಅದನ್ನು ಯಾರಿಂದಲೂ ಅಳಿಸಲಾಗುವುದಿಲ್ಲ. ಯಾರದೋ ಸೀಮೆಹಸುವಿಗೆ ಲಾರಿ ಗುದ್ದಿತು ಅಂತ ಊರಿನವರೇ ಸೇರಿ ಅಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಹಂಪ್ಸ್ ಕಟ್ಟಿದ್ದರು. ಹಂಪ್ಸ್ ಅಂದರೆ ಅಂಥಿಂಥದ್ದಲ್ಲ, ಹಿಂದಿನ ಸೀಟಿನವರ ತಲೆಗೆ ಬಸ್ಸಿನ ಸೂರು ತೋರಿಸುವಂಥದ್ದು. ನಿದ್ದೆಯಲ್ಲಿದ್ದವರೂ ಆ ಜಾಗ ಬಂದಾಗ ಸೀಟಿನಿಂದ ಒಂದಿಷ್ಟು ಮೇಲೆದ್ದು ಕೂರುತ್ತಿದ್ದರು.

ಬಂಗಾರಪೇಟೆಯ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಶ್ಯಾಮಲ ದಿನಾ ಇದೇ ಬಸ್ಸಿಗೆ ಬರುವವಳು. ಸೊಂಟ ಬಿದ್ದವರನ್ನು, ಲಕ್ವ ಹೊಡೆದವರನ್ನು ಎಬ್ಬಿಸಿ ನಡೆಸುವುದು ಅವಳ ಕೆಲಸ. ಒಂದು ಸಾಯಂಕಾಲ ಅವಳು ಚಲಪತಿಯ ಕಾಲನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದಳು.

"ಅಣ್ಣಾ, ಹಂಪ್ಸ್ ಬರೋದಕ್ಕೆ ಮುಂಚೆನೇ ನಿಮ್ಮ ಮಂಡಿ ಬಗ್ಗುತ್ತೆ. ಗೊತ್ತಾ ನಿಮಗೆ?"

"ನನ್ ಕಾಲು ಅಂಗೇ ಮೇಡಮ್. ಗಟ್ಟಿ."

"ಕಾಲಲ್ಲ ಅಣ್ಣಾ, ಮೆದುಳು. ಕೈ ಎತ್ತೋಣ ಅಂದ್ಕೊಂಡ್ರೆ ಕೈ ಏಳೋದಕ್ಕೆ ಮೊದಲೇ ಮೀನಖಂಡ ಬಿಗಿಯಾಗುತ್ತೆ, ನಾವು ಮುಗ್ಗರಿಸಬಾರದು ಅಂತ. ಎಲ್ಲರಿಗೂ ಇದೆ ಅದು. ಆದರೆ ನಿಮ್ಮದು ಬಹಳ ಪಳಗಿದೆ. ಈ ರಸ್ತೆಯ ಒಂದೊಂದು ಗುಂಡಿಯನ್ನೂ ನಿಮ್ಮ ಮೆದುಳು ಮೊದಲೇ ಲೆಕ್ಕ ಹಾಕಿ ಕಾಲಿಗೆ ಹೇಳಿ ಕಳಿಸುತ್ತೆ."

"ಅಂದ್ರೆ ನನ್ ಮೆದ್ಳು ಬಸ್ಸಿಗಿಂತ ಮುಂದೆ ಓಗ್ತಾ ಇರ್ತದೆ ಅನ್ನಿ."

"ಹಂಗೇ ಅಂದ್ಕೊಳ್ಳಿ. ಆದರೆ ಒಂದು ವಿಷಯ..."

ಆ ಒಂದು ವಿಷಯ ಕೇಳುವಷ್ಟು ಪುರಸೊತ್ತು ಚಲಪತಿಗೆ ಇರಲಿಲ್ಲ. ಅವನು ಆಗಲೇ ಜೋರಾಗಿ ವಿಜಿಲ್ ಊದಿ, "ರೈಟ್ ರೈಟ್" ಅನ್ನುತ್ತಾ ಹಿಂದಿನ ಸೀಟಿನವರಿಗೆ ತನ್ನ ಮೆದುಳಿನ ಸಮಾಚಾರ ತಿಳಿಸಲು ಹೊರಟಿದ್ದ. ಮನೆಗೆ ಹೋಗಿ ಹೆಂಡತಿ ರಾಧಾಮಣಿಗೂ ಹೇಳಿದ.

"ಅಷ್ಟು ಮುಂದೆ ಓಗೋ ಮೆದ್ಳು, ಬರೋವಾಗ ಕೊತ್ತಂಬ್ರಿ ಸೊಪ್ಪು ತರೋದ ನೆಪ್ಪಿಟ್ಕಬಾರ್ದಾಗಿತ್ತಾ?" ಅಂದಳು ರಾಧಾಮಣಿ.

ಮಾರನೆಯ ದಿನ ಬೆಳಗಿನ ಟ್ರಿಪ್ಪಿಗೆ ಬಸ್ಸಿನ ಓನರ್ ಸುಧಾಕರ್ ಕಾಮಸಮುದ್ರದಲ್ಲೇ ಹತ್ತಿದರು. ಅವರು ಸುಮ್ಮನೆ ಹತ್ತಿದ್ದಲ್ಲ. ಹೊಸ ಬಸ್ಸೊಂದು ಬಂದಿತ್ತು, ಆಕಾಶನೀಲಿ ಬಣ್ಣ, ಕಿಟಕಿಗೆಲ್ಲ ಪರದೆ. ಅದಕ್ಕೆ ಕಂಡಕ್ಟರ್ ಯಾರು ಅನ್ನುವುದು ಆವತ್ತೇ ತೀರ್ಮಾನವಾಗಬೇಕಿತ್ತು. ಒಂದೋ ಚಲಪತಿ, ಇಲ್ಲವೋ ಅವರದೇ ಇನ್ನೊಂದು ಬಸ್ಸಿನ ವಿಜಯಕುಮಾರ್. ವಿಜಯಕುಮಾರ್ ಒಳ್ಳೆಯ ಹುಡುಗನೇ, ಆದರೆ ಕಂಬಿ ಬಿಟ್ಟು ಒಂದು ಹೆಜ್ಜೆ ಇಡುವವನಲ್ಲ. ಒಂದು ಕೈ ಸದಾ ಕಂಬಿಗೇ, ಟಿಕೆಟ್ ಹರಿಯುವುದು ಹಲ್ಲಲ್ಲಿ. ಹೀಗಾಗಿ ನೀಲಿ ಬಸ್ಸು ತನ್ನದೇ ಅಂತ ಚಲಪತಿ ಮನಸ್ಸಿನಲ್ಲಿ ಆಗಲೇ ಅದಕ್ಕೆ ನಿಂಬೆಹಣ್ಣು ಕಟ್ಟಿಬಿಟ್ಟಿದ್ದ.

"ಹೊಸ ಬಸ್ಸಿಗೆ ಎರಡು ಕೈಯೂ ಬಿಡುವಾಗಿರೋ ಕಂಡಕ್ಟರ್ ಬೇಕು ಕಣಯ್ಯಾ," ಅಂದರು ಸುಧಾಕರ್. "ನಿನ್ನ ಬಗ್ಗೆ ಬಹಳ ಕೇಳಿದೀನಿ. ಇವತ್ತು ಕಣ್ಣಾರೆ ನೋಡ್ತೀನಿ."

"ನೋಡಿ ಸಾರ್. ನನ್ ಮೆದ್ಳು ಬಸ್ಸಿಗಿಂತ ಮುಂದೆ ಓಗ್ತದೆ. ಡಾಕ್ಟ್ರೇ ಏಳವ್ರೆ," ಅಂದ ಚಲಪತಿ. ರಾತ್ರಿ ಬೆಳಗಾಗುವುದರಲ್ಲಿ ಶ್ಯಾಮಲ ಡಾಕ್ಟರಾಗಿದ್ದಳು.

ಅವನು ಸುಳ್ಳೇನೂ ಹೇಳಲಿಲ್ಲ. ಕೆರೆ ಏರಿಯ ತಿರುವಿನಲ್ಲಿ ಬಸ್ಸು ಎಡಕ್ಕೆ ವಾಲುವ ಮೊದಲೇ ಅವನು ಬಲಕ್ಕೆ ವಾಲಿ ನಿಂತಿದ್ದ. ಮೋರಿಯ ಗುಂಡಿಯಲ್ಲಿ ಬಸ್ಸು ಕುಸಿದಾಗ ಅವನು ಟಿಕೆಟ್ ಮೇಲೆ ಮುತ್ತಿನಂಥ ಅಕ್ಷರ ಬರೆಯುತ್ತಿದ್ದ. ಸೊಪ್ಪಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮುಂದೆ ಕೂತಿದ್ದ ಅಮ್ಮಾಜಮ್ಮ ಓನರ್ ಕಡೆ ತಿರುಗಿ, "ನೋಡಿದ್ರಾ ನಾಯ್ನಾ, ನಮ್ಮ ಚಲಪತಿನ," ಅಂದಳು. ಅವಳು ಹುಣಸೇಮರದ ಗೇಟಿನವಳು, ರಾತ್ರಿ ಕಾಮಸಮುದ್ರದ ನೆಂಟರ ಮನೆಯಲ್ಲಿದ್ದು ಬಂಗಾರಪೇಟೆಗೆ ಸೊಪ್ಪು ಮಾರಲು ಹೊರಟಿದ್ದಳು. ಚಲಪತಿಯ ಹೆಚ್ಚುಗಾರಿಕೆಯಲ್ಲಿ ತಮ್ಮೂರ ಹಂಪ್ಸಿಗೂ ಒಂದು ಪಾಲಿದೆ ಅಂತ ಅವಳ ನಂಬಿಕೆ.

ಹುಣಸೇಮರದ ಗೇಟ್ ಬಂತು. ಅಲ್ಲಿ ಹತ್ತುವವರು ಹತ್ತಿದರು. ಡ್ರೈವರ್ ಕುಪ್ಪುಸ್ವಾಮಿ ಗೇರ್ ಹಾಕಿ, ಹಂಪ್ಸಿಗೆ ಎಂದಿನಂತೆ ಬ್ರೇಕ್ ಒತ್ತಿದ. ಬಸ್ಸಿನ ಜನರೆಲ್ಲ ಸೀಟಿನಿಂದ ಒಂದಿಷ್ಟು ಮೇಲೆದ್ದರು. ಚಲಪತಿಯ ಮಂಡಿ ಬಗ್ಗಿತು, ಬೆನ್ನು ಹಿಂದಕ್ಕೆ ಹೋಯಿತು, ಮೀನಖಂಡ ಕಲ್ಲಾಯಿತು.

ಹಂಪ್ಸ್ ಬರಲಿಲ್ಲ. ಯಾರೋ ದೊಡ್ಡ ಸಾಹೇಬರ ಕಾರು ಬರುತ್ತದೆ ಅಂತ ಹಿಂದಿನ ರಾತ್ರಿ ರಸ್ತೆ ಕೆಲಸದವರು ಅದನ್ನು ಕೆರೆದು ಹಾಕಿ, ಟಾರು ಬಳಿದು ಹೋಗಿದ್ದರು. ಬಾರದ ಹಂಪ್ಸಿಗೆ ಮೈಯೊಡ್ಡಿ ನಿಂತ ಚಲಪತಿಯನ್ನು ಹಿಂದಕ್ಕೆ ತಳ್ಳಿದ್ದು ಅವನದೇ ಬೆನ್ನು, ಮುಂದಕ್ಕೆ ಚಿಮ್ಮಿಸಿದ್ದು ಅವನದೇ ಮಂಡಿ. ಎರಡು ಸುತ್ತು ಓಲಾಡಿ ಓನರ್ ಮಡಿಲಲ್ಲಿ ಹೋಗಿ ಕೂತ. ಕೈಯಲ್ಲಿದ್ದ ಪೆನ್ನು ಸುಧಾಕರರ ಜೇಬಿಗೆ ಬಿದ್ದು, ಅವರದೇ ಪೆನ್ನಿನ ಹಾಗೆ ನೆಟ್ಟಗೆ ನಿಂತಿತು.

ನಾವು ಯಾರೂ ನಗಲಿಲ್ಲ, ಮನೆಯವರೇ ಬಿದ್ದರೆ ನಗು ಬರುತ್ತದೆಯೇ. ಅಮ್ಮಾಜಮ್ಮ ಮಾತ್ರ ಕಿಟಕಿಯಿಂದ ಹಿಂದಕ್ಕೆ ನೋಡಿ, "ನಮ್ ಅಂಪ್ಸ್ ಎಲ್ಲೋಯ್ತು?" ಅಂತ ಕಳ್ಳತನವಾದವಳ ಹಾಗೆ ಕೇಳಿದಳು.

"ಹಂಪ್ಸ್ ಇದ್ದು ಬಿದ್ದೋರನ್ನ ನೋಡಿದೀನಿ," ಅಂದರು ಸುಧಾಕರ್, ಚಲಪತಿಯನ್ನು ಮಡಿಲಿನಿಂದ ಇಳಿಸುತ್ತಾ. "ಇಲ್ದೆ ಬಿದ್ದೋನು ನೀನೇ ಮೊದಲು. ಹೋಗ್ಲಿ, ಸಾಯಂಕಾಲ ಇದೇ ಬಸ್ಸಿಗೆ ವಾಪಸ್ ಬರ್ತೀನಿ. ಆಗ ನೋಡಿ ಹೇಳ್ತೀನಿ."

ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಚಲಪತಿ ಶ್ಯಾಮಲಳ ಮುಂದೆ ಹೋಗಿ ನಿಂತ.

"ಮೇಡಮ್, ನನ್ ಮೆದ್ಳು ಕೈ ಕೊಟ್ಬುಡ್ತು."

"ಅದನ್ನೇ ನಿನ್ನೆ ಹೇಳೋಕೆ ಹೊರಟೆ, ನೀವು ವಿಜಿಲ್ ಊದಿದ್ರಿ. ತುಂಬಿದೆ ಅಂದ್ಕೊಂಡು ಖಾಲಿ ಬಿಂದಿಗೆ ಎತ್ತಿದ್ರೆ ಏನಾಗುತ್ತೆ?"

"ಮೂತಿಗೆ ಬಂದು ಒಡೀತದೆ."

"ಅಷ್ಟೇ. ನಿಮ್ಮನ್ನ ಬೀಳಿಸಿದ್ದು ರಸ್ತೆ ಅಲ್ಲ, ನಿಮ್ಮ ಸಿದ್ಧತೆ. ಮೆದುಳು ಹಳೇ ಲೆಕ್ಕ ಇಟ್ಕೊಂಡಿತ್ತು. ಚಿಂತೆ ಬಿಡಿ, ಇವತ್ತೇ ಆ ಜಾಗ ಒಂದೆರಡು ಸಲ ದಾಟಿದ್ರೆ ಹೊಸ ಲೆಕ್ಕ ಕಲಿತುಬಿಡುತ್ತೆ. ಹಂಪ್ಸ್ ಇಲ್ಲ ಅಂತ ಅದಕ್ಕೆ ಹೇಳ್ತಾ ಇರಿ."

ಇಷ್ಟರಲ್ಲಿ ಸುದ್ದಿ ಬಸ್ಸಿಗಿಂತ ಮುಂದೆ ಹೋಗಿತ್ತು. ರಾಬರ್ಟ್‌ಸನ್‌ಪೇಟೆಗೆ ಬಸ್ಸು ಮುಟ್ಟುವ ಹೊತ್ತಿಗೆ ಬಾಳೆಹಣ್ಣಿನ ಗಾಡಿಯ ಮುನಿಸ್ವಾಮಪ್ಪ ಅವನ ಕೈ ಹಿಡಿದು, "ಆಸ್ಪತ್ರೆಯಿಂದ ಯಾವಾಗ ಬಿಟ್ರಪ್ಪಾ?" ಅಂತ ವಿಚಾರಿಸಿದ. ಕುಪ್ಪುಸ್ವಾಮಿ ತನಗೆ ತಿಳಿದ ಉಪಾಯ ಹೇಳಿದ. "ಕವಲೆ ಪಡಾದೆ ಚಲಪತಿ, ಚಿಂತೆ ಮಾಡ್ಬೇಡ. ಗೇಟ್ ಬಂದಾಗ ನಾನು ಹಾರ್ನ್ ಹೊಡೀತೀನಿ. ಬ್ರೇಕೂ ಒತ್ತಲ್ಲ. ನಾನೂ ಕಲೀಬೇಕಲ್ಲಾ." ಅವನೂ ಪಾಪ, ಬೆಳಿಗ್ಗೆ ಇಲ್ಲದ ಹಂಪ್ಸಿಗೆ ಬ್ರೇಕ್ ಒತ್ತಿದವನೇ.

ಎಲ್ಲರಿಗಿಂತ ಹೆಚ್ಚು ಉರಿಸಿದವನು ವಿಜಯಕುಮಾರ್. ಅವನು ಟೀ ತಂದುಕೊಟ್ಟು, "ಅಣ್ಣಾ, ಕಂಬಿ ಇಡ್ಕಳೋದ್ರಾಗೆ ಅವಮಾನ ಏನೈತೆ? ನಾನೂ ಇಡ್ಕಂತೀನಿ," ಅಂದ.

"ನೀನು ಇಡ್ಕಳ್ಳಪ್ಪ. ನಾನು ಇಡ್ಕಳೋ ದಿನ ಈ ಬ್ಯಾಗ್ ಇಳ್ಸ್‌ತೀನಿ," ಅಂದ ಚಲಪತಿ. ಟೀ ಮಾತ್ರ ಕುಡಿದ.

ಮಧ್ಯಾಹ್ನ ಬಸ್ಸು ಕಾಮಸಮುದ್ರಕ್ಕೆ ವಾಪಸ್ ಹೊರಟಿತು. ಚಲಪತಿ ದಾರಿಯುದ್ದಕ್ಕೂ "ಅಂಪ್ಸ್ ಇಲ್ಲ, ಅಂಪ್ಸ್ ಇಲ್ಲ" ಅಂತ ಜಪ ಮಾಡುತ್ತಾ ಟಿಕೆಟ್ ಕೊಟ್ಟ. ಆದರೂ ಗೇಟ್ ಹತ್ತಿರ ಬಂದು ಕುಪ್ಪುಸ್ವಾಮಿ ಹಾರ್ನ್ ಹೊಡೆದದ್ದೇ ತಡ, ಮಂಡಿ ತನ್ನಷ್ಟಕ್ಕೆ ತಾನೇ ಬಗ್ಗಿತು. ಚಲಪತಿ ಓಲಾಡಿದ. ಕೈ ಕಂಬಿಯ ಕಡೆ ಹೋಯಿತು. ಮುಟ್ಟುವುದಕ್ಕೆ ಒಂದು ಬೆರಳಷ್ಟು ಇದ್ದಾಗ ಅವನು ಹಲ್ಲು ಕಚ್ಚಿ ಕೈಯನ್ನು ಹಿಂದಕ್ಕೆಳೆದು, ಪಕ್ಕದಲ್ಲಿದ್ದ ಯಾರದೋ ಅಕ್ಕಿಮೂಟೆಯ ಮೇಲೆ ಕೂತ.

ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮಾಜಮ್ಮನಿಗೆ ಕಣ್ಣಲ್ಲಿ ನೀರು ಬಂತು. ಕಂಬಿಯ ಕಡೆಗೆ ಆ ಕೈ ಹೋದದ್ದನ್ನು ಅವಳೊಬ್ಬಳೇ ಕಂಡಿದ್ದಳು.

"ನೀನು ಎದುರ್ಕಬ್ಯಾಡ ನಾಯ್ನಾ," ಅಂದಳು ಇಳಿಯುತ್ತಾ. "ನಿನ್ ಮಾನ ಉಳ್ಸೋದು ನಮ್ಮೂರ ಜವಾಬ್ದಾರಿ."

ಮುದುಕಿ ದೇವರಿಗೆ ಹರಕೆ ಹೊರಬಹುದು ಅಂದುಕೊಂಡ ಚಲಪತಿ.

ಕಾಮಸಮುದ್ರದಿಂದ ಮರಳಿ ಬರುವ ಟ್ರಿಪ್ಪಿನಲ್ಲಿ ಅದ್ಭುತ ನಡೆಯಿತು. ಹುಣಸೇಮರದ ಗೇಟ್ ಬಂತು, ಹೋಯಿತು. ಮಂಡಿ ಬಗ್ಗಲಿಲ್ಲ, ಬೆನ್ನು ಅಲುಗಲಿಲ್ಲ, ಕುಪ್ಪುಸ್ವಾಮಿಯ ಕಾಲೂ ಬ್ರೇಕ್ ಮುಟ್ಟಲಿಲ್ಲ. ಚಲಪತಿ ಟಿಕೆಟ್ ಬರೆಯುತ್ತಲೇ ಇದ್ದ. ಮೆದುಳು ಹೊಸ ಲೆಕ್ಕ ಕಲಿತುಬಿಟ್ಟಿತ್ತು. ಅವನಿಗೆ ಆದ ಆನಂದ ಮದುವೆಯ ದಿನವೂ ಆಗಿರಲಿಲ್ಲ. ರಸ್ತೆ ಪಕ್ಕದಲ್ಲಿ ಅಮ್ಮಾಜಮ್ಮನ ಮಗ ವೆಂಕಿ, ಊರಿನ ಇನ್ನಷ್ಟು ಜನ ಗುದ್ದಲಿ ಹೆಗಲ ಮೇಲಿಟ್ಟುಕೊಂಡು ನಿಂತಿದ್ದರು. ತನ್ನನ್ನು ನೋಡಲೆಂದೇ ಹೊಲದಿಂದ ಬಂದಿದ್ದಾರೆ ಅಂದುಕೊಂಡು ಚಲಪತಿ ಎರಡೂ ಕೈ ಎತ್ತಿ ಬೀಸಿದ. ಅವರೂ ಬೀಸಿದರು.

ಸಾಯಂಕಾಲ ಬಂಗಾರಪೇಟೆಯಲ್ಲಿ ಸುಧಾಕರ್ ಬಿಳಿ ಅಂಗಿ ತೊಟ್ಟು, ಒಂದು ದೊಡ್ಡ ಸ್ಟೀಲ್ ಪಾತ್ರೆಯ ಸಮೇತ ಬಸ್ ಹತ್ತಿದರು. ಮನೆಯಲ್ಲಿ ಮಗಳ ಹುಟ್ಟುಹಬ್ಬ, ಪಾತ್ರೆಯಲ್ಲಿ ಪಾನಿಪುರಿಯ ಪಾನಿ. ನಮ್ಮ ಬಂಗಾರಪೇಟೆ ಪಾನಿ ಗೊತ್ತಲ್ಲ, ನೋಡುವುದಕ್ಕೆ ಬಾವಿ ನೀರಿನಷ್ಟು ತಿಳಿ. ಬಣ್ಣವಿಲ್ಲ, ಸೊಪ್ಪಿಲ್ಲ. ಬಾಯಿಗೆ ಬಿದ್ದ ಮೇಲೇ ಅದರ ಖಾರ ಏನು ಅಂತ ಗೊತ್ತಾಗುವುದು. ಬೇರೆ ಊರಿನವರು ಹಸಿರು ನೀರು ಕುಡಿದುಕೊಂಡಿದ್ದಾರೆ, ಅವರ ಹಣೆಬರಹ.

ಮನೆಗೆ ಹೋಗಲು ವಿಜಯಕುಮಾರನೂ ಅದೇ ಬಸ್ಸು ಹತ್ತಿ, ಎರಡು ಕೈಯಲ್ಲೂ ಕಂಬಿ ಹಿಡಿದು ನಿಂತ. ಅವನನ್ನು ನೋಡಿದ್ದೇ ಚಲಪತಿಗೆ ಆವೇಶ ಬಂತು.

"ಸಾರ್, ಆ ಪಾತ್ರೆ ಇತ್ಲಾಗೆ ಕೊಡಿ."

"ಯಾಕಯ್ಯಾ? ಕೆಳಗಿರ್ಲಿ ಬಿಡು."

"ಕಂಬಿ ಇಡೀದೆ, ಒಂದ್ ತೊಟ್ಟೂ ಚೆಲ್ದಂಗೆ ಕಾಮಸಮುದ್ರಕ್ಕೆ ತಂದು ಇಳ್ಸ್‌ತೀನಿ. ಚೆಲ್ಲಿದ್ರೆ ಒಸ ಬಸ್ಸು ಬ್ಯಾಡ ನಂಗೆ. ವಿಜಿಗೇ ಕೊಡಿ."

"ಬೇಡ ಅಣ್ಣಾ," ಅಂದಳು ಶ್ಯಾಮಲ.

"ನೀವೇ ಏಳಿದ್ದು ಮೇಡಮ್, ಕಲಿತುಬುಡ್ತದೆ ಅಂತ. ಕಲಿತುಬುಡ್ತು."

ಬಸ್ಸು ಹೊರಟಿತು. ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ, ಚಲಪತಿ ಪಾತ್ರೆಯನ್ನು ಎರಡು ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು, ಓನರ್ ಎದುರಿಗೇ ನಡುದಾರಿಯಲ್ಲಿ ನಿಂತ. ಮುಚ್ಚಳ ತೆಗೆಸಿದ್ದ, ಎಲ್ಲರಿಗೂ ಕಾಣಲಿ ಅಂತ. ದೊಡ್ಡದೊಂದು ಗುಂಡಿ ಬಂತು, ನೀರು ಅಲುಗಲಿಲ್ಲ. ಎಮ್ಮೆಯೊಂದು ಅಡ್ಡ ಬಂದು ಕುಪ್ಪುಸ್ವಾಮಿ ಬ್ರೇಕ್ ಹಾಕಿದ, ಪಾತ್ರೆಯ ಅಂಚಿಗೆ ನೀರು ಬಂದು ಇಣುಕಿ ಒಳಗೆ ಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಮಗೆಲ್ಲ ಎದೆ ಉಬ್ಬಿತು, ಸುಧಾಕರ್ ಕೂಡ ಮೀಸೆಯಲ್ಲೇ ನಕ್ಕರು.

"ಗೆದ್ದೆ ಕಣಯ್ಯಾ ನೀನು. ನೀಲಿ ಬಸ್ಸು ನಿಂದೇ ಅಂದ್ಕೋ."

"ಅಂದ್ಕಳೋದೇನು ಸಾರ್," ಅಂದ ಚಲಪತಿ.

ಮಬ್ಬುಗತ್ತಲೆ. ಹುಣಸೇಮರದ ಗೇಟಿನಲ್ಲಿ ಇಳಿಯುವವರು ಯಾರೂ ಇರಲಿಲ್ಲ. ಕುಪ್ಪುಸ್ವಾಮಿ ಬ್ರೇಕ್ ಕಡೆ ಕಾಲೇ ಹಾಕದೆ ಬಸ್ಸು ಬಿಟ್ಟ. ಚಲಪತಿ ಮಂಡಿ ಸಡಿಲ ಬಿಟ್ಟು, ಬೆನ್ನು ನೆಟ್ಟಗಿಟ್ಟು, ಓನರ್ ಮುಖ ನೋಡಿ ನಗುತ್ತಾ ಹೇಳಿದ. "ನೋಡಿ ಸಾರ್, ಇದೇ ಜಾಗ. ಇಲ್ಲಿ ಅಂಪ್ಸ್ ಇಲ್ಲ."

ಹಂಪ್ಸ್ ಇತ್ತು.

ಇತ್ತು ಅಂದರೆ, ಹಳೆಯದರ ಅಪ್ಪನಂಥದ್ದು ಇತ್ತು. ಮಧ್ಯಾಹ್ನದಿಂದ ಊರಿಗೆ ಊರೇ ಸೇರಿ ಸೈಜುಗಲ್ಲು, ಜಲ್ಲಿ, ಕೆಮ್ಮಣ್ಣು ತಂದು ಸುರಿದು, ಗುದ್ದಲಿಯಲ್ಲಿ ಬಡಿದು, ಅರಿಸಿನ ಕುಂಕುಮ ಹಚ್ಚಿ ನಿಲ್ಲಿಸಿದ್ದರು. ಬಸ್ಸು ಹಾರಿತು. ಸೀಟಿನಲ್ಲಿದ್ದ ನಾವು ಸೂರು ಮುಟ್ಟಿ ಬಂದೆವು. ಚಲಪತಿಯ ಕಾಲು ನೆಲ ಬಿಟ್ಟಿತು, ಪಾತ್ರೆ ಅವನ ಕೈ ಬಿಟ್ಟಿತು, ಪಾನಿ ಪಾತ್ರೆ ಬಿಟ್ಟಿತು. ಬಿಡದೆ ಇದ್ದದ್ದು ವಿಜಯಕುಮಾರನ ಎರಡು ಕೈ ಮಾತ್ರ.

ಬಸ್ಸು ನಿಂತಾಗ ಚಲಪತಿ ಮತ್ತೆ ಅದೇ ಮಡಿಲಲ್ಲಿದ್ದ. ಸುಧಾಕರರ ಬಿಳಿ ಅಂಗಿಯ ಮೇಲೆ ಒಂದು ಕಲೆಯೂ ಇರಲಿಲ್ಲ, ಅದು ನಮ್ಮ ಪಾನಿಯ ಗುಣ. ಕಣ್ಣು ಮಾತ್ರ ಬಿಡಲಾಗುತ್ತಿರಲಿಲ್ಲ. "ನೀರು, ನೀರು" ಅಂತ ಅವರು ಒದ್ದಾಡಿದರು. ಮುಂದಿನಿಂದ ಓಡಿಬಂದ ಕುಪ್ಪುಸ್ವಾಮಿ ನೋಡಿದ, ಕಾಲ ಬುಡದಲ್ಲೇ ಪಾತ್ರೆ, ಪಾತ್ರೆಯ ತಳದಲ್ಲಿ ತಿಳಿನೀರು. ಒಳ್ಳೆಯ ಮನುಷ್ಯ, ಹಿಂದೆ ಮುಂದೆ ನೋಡದೆ ಅದನ್ನೆತ್ತಿ ಓನರ್ ಕಣ್ಣಿಗೆ ಎರಚಿದ. ಆಮೇಲೆ ಸುಧಾಕರ್ ಆಡಿದ ಮಾತುಗಳು ಮೂರು ಭಾಷೆಯಲ್ಲಿದ್ದವು. ಬರೆಯುವಂಥವಲ್ಲ.

ಹೊರಗೆ ಊರಿನವರು ಟಾರ್ಚ್ ಹಿಡಿದು ಕಾದಿದ್ದರು. ಅಮ್ಮಾಜಮ್ಮ ಚೆಂಡುಹೂವಿನ ಹಾರ ಹಿಡಿದು ಬಸ್ಸಿಗೆ ಹತ್ತಿದಳು. ಕತ್ತಲಲ್ಲಿ ಅವಳಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಎಂಗೈತೆ ನಾಯ್ನಾ ಅಂಪ್ಸ್? ನಿಂಗೋಸ್ಕರಾನೇ ಕಟ್ಟಿದ್ದು. ಇನ್ಮುಂದೆ ನೀನು ಬೀಳಂಗಿಲ್ಲ."

ಚಲಪತಿ ಅವಳ ಮುಖ ನೋಡಿದ. ಕೆಮ್ಮಣ್ಣು ಮೆತ್ತಿದ ಆ ಕೈ ನೋಡಿದ. ಒಬ್ಬ ಕಂಡಕ್ಟರನ ಮಾನಕ್ಕೆ ಒಂದು ಊರು ಕೆಲಸ ಬಿಟ್ಟು ಕಲ್ಲು ಹೊತ್ತಿದ್ದನ್ನು ಯಾರು ಎಲ್ಲಿ ಕಂಡಿದ್ದಾರೆ. ತಲೆ ಬಗ್ಗಿಸಿ ಹಾರ ಹಾಕಿಸಿಕೊಂಡ, ಓನರ್ ಮಡಿಲಲ್ಲಿ ಕೂತುಕೊಂಡೇ.

ನೀಲಿ ಬಸ್ಸು ವಿಜಯಕುಮಾರನಿಗೆ ಹೋಯಿತು. "ಕಂಬಿ ಹಾಕ್ಸಿರೋದೇ ಹಿಡ್ಕೊಳ್ಳೋಕೆ," ಅಂತ ಸುಧಾಕರ್ ಕೆಂಪು ಕಣ್ಣಿನಲ್ಲೇ ತೀರ್ಪು ಕೊಟ್ಟರು. ಚಲಪತಿ ಹಳದಿ ಬಸ್ಸಿನಲ್ಲೇ ಉಳಿದ. ಆದರೆ ಅವನ ಮೆದುಳಿಗೆ ಆಮೇಲೆ ಆ ಜಾಗದ ಮೇಲೆ ನಂಬಿಕೆಯೇ ಹೋಯಿತು. ಹಂಪ್ಸ್ ಇದೆ ಅಂದರೆ ಇಲ್ಲ ಅನ್ನುತ್ತದೆ, ಇಲ್ಲ ಅಂದರೆ ಇದೆ ಅನ್ನುತ್ತದೆ. ಗೇಟ್ ಹತ್ತಿರ ಬಂದಾಗ ಅವನ ಕೈ ತನ್ನಷ್ಟಕ್ಕೆ ತಾನೇ ಕಂಬಿಗೆ ಹೋಗುತ್ತದೆ. ಆಗ ನಾವೆಲ್ಲ ಕಿಟಕಿಯಾಚೆ ನೋಡುತ್ತೇವೆ. ನಮ್ಮ ಕಂಡಕ್ಟರ್ ಕಂಬಿ ಹಿಡಿದದ್ದನ್ನು ಕಂಡವರು ಇವತ್ತಿಗೂ ಇಲ್ಲ.

ಊರಿನವರು ಹಂಪ್ಸಿಗೆ ಸಿಮೆಂಟ್ ಮೆತ್ತಿ, ಬಿಳಿ ಪಟ್ಟೆ ಬಳಿದು, ಪಕ್ಕದಲ್ಲಿ ಒಂದು ಹಲಗೆ ನೆಟ್ಟು ಹೆಸರು ಬರೆಸಿದರು. ಯಾರಿಂದಲೂ ಅಳಿಸಲಾಗದ ಹೆಸರನ್ನು ಆ ಹಂಪ್ಸ್ ಅಳಿಸಿಬಿಟ್ಟಿತು, ಹುಣಸೇಮರದ ಗೇಟ್ ಅನ್ನುವವರು ಈಗ ಯಾರೂ ಇಲ್ಲ. ಟಿಕೆಟ್ ಕೇಳುವವರೂ ಹೊಸ ಹೆಸರಲ್ಲೇ ಕೇಳುತ್ತಾರೆ. ಸ್ಟಾಪಿನ ಹೆಸರು ಕೂಗುವುದು ಕಂಡಕ್ಟರ್ ಕೆಲಸ, ಬೇರೆ ದಾರಿಯಿಲ್ಲ.

ಮೊನ್ನೆ ಮುನಿಲಕ್ಷ್ಮಿ ಅಂತ ಒಬ್ಬಳು ಕ್ಯಾಸಂಬಳ್ಳಿ ಕಡೆಯ ಮುದುಕಿ, ಮೊದಲ ಸಲ ಈ ಬಸ್ಸು ಹತ್ತಿದ್ದಳು. ಜಾಗ ಹತ್ತಿರ ಬಂದಾಗ ಚಲಪತಿ ಎಂದಿನಂತೆ ಕೂಗಿದ.

"ಚಲಪತಿ ಅಂಪ್ಸ್, ಚಲಪತಿ ಅಂಪ್ಸ್. ಯಾರಮ್ಮಾ ಇಳಿಯೋರು?"

ಮುದುಕಿ ಗಂಟು ಎತ್ತಿಕೊಳ್ಳುತ್ತಾ ಕೇಳಿದಳು. "ರೋಡಿಗೆ ಎಸ್ರು ಇಡ್ಬೇಕಾದ್ರೆ ದೊಡ್ಡೋರೇ ಇರ್ಬೇಕು. ಯಾರಪ್ಪಾ ಆ ಚಲಪತಿ? ಓಗ್ಬುಟ್ರಾ ಪಾಪ?"

ನಾವೆಲ್ಲ ಕಿಟಕಿಯಾಚೆ ನೋಡಿದೆವು.

"ಊ ಕಣವ್ವಾ," ಅಂದ ಚಲಪತಿ ಎದೆಯುಬ್ಬಿಸಿ, ಎರಡು ಕೈಯಲ್ಲೂ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡು. "ಭಾಳ ದೊಡ್ಡ ಮನ್ಸ. ಇರೋಗಂಟ ಕಂಬಿ ಮುಟ್ಟಿರ್ಲಿಲ್ಲ."